ಸುಸನ್ನಾ ವೆಸ್ಲಿ

ಮೆಥಡಿಸ್ಟ್ ಪಂಥವನ್ನು ಸ್ಥಾಪಿಸಿದ ಜಾನ್ ವೆಸ್ಲಿಯನ್ನೂ ಸಾವಿರಾರು ಭಕ್ತಿಗೀತೆಗಳನ್ನು ರಚಿಸಿದ ಅವನ ತಮ್ಮ ಚಾರ್ಲ್ಸ್ ವೆಸ್ಲಿಯನ್ನೂ ಕ್ರೈಸ್ತ ಜಗತ್ತು ಚೆನ್ನಾಗಿ ಬಲ್ಲದು. ಈ ಸೋದರರಿಗೆ ಧರ್ಮದ ಮೊದಲ ಪಾಠ ದೊರೆತುದು ದೇವಾಲಯದಲ್ಲಲ್ಲ, ತಾಯಿಯ ಬಳಿಯಲ್ಲಿ. ಆ ತಾಯಿಯೇ ಸುಸನ್ನಾ ವೆಸ್ಲಿ.

ಸುಸನ್ನಾ 1669ರಲ್ಲಿ ಲಂಡನ್ ನಗರದಲ್ಲಿ ಜನಿಸಿದಳು. ಹೆಸರಾಂತ ಧರ್ಮಬೋಧಕನೊಬ್ಬನ 25 ಮಕ್ಕಳಲ್ಲಿ ಈಕೆ ಕಡೆಯವಳು. 1688ರಲ್ಲಿ ಸಾಮ್ಯುಯೆಲ್ ವೆಸ್ಲಿಯನ್ನು ವಿವಾಹವಾದಳು. ಮುಂದೆ ಆತ ಲಿಂಕನ್‌ಷೈರ್ ಪ್ರಾಂತದ ಎಪ್‌ವರ್ತ್ ಎಂಬ ಊರಿನ ಪಾದ್ರಿಯಾದನು. ದಂಪತಿಗಳಿಗೆ ಹುಟ್ಟಿದ 19 ಮಕ್ಕಳಲ್ಲಿ ಬದುಕುಳಿದವರು 10 ಮಂದಿ ಮಾತ್ರ. ಸಂಸಾರದಲ್ಲಿ ಬಡತನ ತಪ್ಪಲಿಲ್ಲ. 1705ರಲ್ಲಿ ಸಾಲ ತೀರಿಸಲಾರದೆ ಸಾಮ್ಯುಯೆಲ್ ಸೆರೆಮನೆಯನ್ನೂ ಸೇರಬೇಕಾಯಿತು.

ಇಂತಹ ಕಷ್ಟದಲ್ಲಿಯೂ ಸುಸನ್ನಾ ಮನೆಯ ನಿಯಮಗಳನ್ನು ಸಡಿಲಿಸಲಿಲ್ಲ. ಮಾತು ಬಾರದ ಶಿಶುಗಳೂ ಮನೆಮಂದಿಯ ಪ್ರಾರ್ಥನೆಯಲ್ಲಿ ಸುಮ್ಮನೆ ಕುಳಿತಿದ್ದು, ಅದು ಮುಗಿದೊಡನೆ ಸನ್ನೆಯಿಂದಲೇ ಆಶೀರ್ವಾದ ಬೇಡುತ್ತಿದ್ದವು. ಮಾತು ಬಂದೊಡನೆ ಕರ್ತನ ಪ್ರಾರ್ಥನೆಯನ್ನು ಕಲಿತು, ಏಳುವಾಗಲೂ ಮಲಗುವಾಗಲೂ ಹೇಳುತ್ತಿದ್ದವು. ಐದು ವರ್ಷ ತುಂಬಿದ ಮೇಲೆ ಅಕ್ಷರಾಭ್ಯಾಸ. ಸತ್ಯವೇದದ ಆದಿಕಾಂಡವೇ ಮೊದಲ ಓದು. ಹೆಣ್ಣುಮಕ್ಕಳು ಚೆನ್ನಾಗಿ ಓದಲು ಕಲಿಯುವವರೆಗೆ ಅವರನ್ನು ಹೊಲಿಗೆಗೆ ಹಚ್ಚಬಾರದೆಂಬುದು ಆಕೆಯ ನಿಲುವಾಗಿತ್ತು. ಆಕೆಯ ಶಿಸ್ತು ಕಠಿನವಾದುದು. ಬೆತ್ತದ ಭಯವೂ ಅದರಲ್ಲಿ ಸೇರಿತ್ತು. ಇಂದಿನವರು ಅದನ್ನು ಒಪ್ಪಲಾರರು.

1709ರ ಫೆಬ್ರವರಿಯ ಒಂದು ರಾತ್ರಿ ಮನೆಗೆ ಬೆಂಕಿ ಬಿದ್ದಿತು. ಇನ್ನೂ ಆರು ವರ್ಷ ತುಂಬದ ಜಾನ್ ಮಹಡಿಯಲ್ಲಿ ಸಿಕ್ಕಿಕೊಂಡನು. ನೆರೆಯವನೊಬ್ಬನು ಇನ್ನೊಬ್ಬನ ಹೆಗಲೇರಿ, ಕಿಟಕಿಯಿಂದ ಅವನನ್ನು ಸೆಳೆದು ಉಳಿಸಿದನು. ಮನೆ ಬೂದಿಯಾಯಿತು. ಮಕ್ಕಳು ಬೇರೆ ಬೇರೆ ಮನೆಗಳಲ್ಲಿ ಹಂಚಿಹೋಗಿ, ಹಿಂದಿನ ಅಭ್ಯಾಸಗಳನ್ನು ಮರೆತರು. ಮತ್ತೆ ಎಲ್ಲರೂ ಒಂದೆಡೆ ಸೇರಿದಾಗ ಸುಸನ್ನಾ ಮೊದಲಿನಿಂದ ಆರಂಭಿಸಿದಳು. ಪಾಠದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಕೀರ್ತನೆ ಹಾಡುವ ಪದ್ಧತಿ ಬಂದಿತು. ಸಂಜೆ ಐದಕ್ಕೆ ಹಿರಿಯ ಮಕ್ಕಳು ಕಿರಿಯರನ್ನು ಕೂಡಿಸಿಕೊಂಡು ಸತ್ಯವೇದವನ್ನು ಓದುತ್ತಿದ್ದರು.

ಆ ದಿನಗಳಲ್ಲಿ ನಮ್ಮ ದೇಶದ ತರಂಗಂಬಾಡಿಗೆ ಬಂದಿದ್ದ ಮಿಷನರಿಗಳ ವೃತ್ತಾಂತವೊಂದು ಆಕೆಯ ಕೈಗೆ ಬಂದಿತು. ಅವರ ಶ್ರದ್ಧೆ ಆಕೆಯ ಮನಸ್ಸನ್ನು ಕಲಕಿತು. ದೂರದ ನಾಡಿಗೆ ಹೋಗಲಾರದ ತಾನು ತನ್ನ ಮಕ್ಕಳಿಗಾಗಿಯಾದರೂ ಹೆಚ್ಚು ದುಡಿಯಬೇಕೆಂದು ನಿಶ್ಚಯಿಸಿದಳು. ವಾರದ ಸಂಜೆಗಳನ್ನು ಮಕ್ಕಳಿಗೆ ಹಂಚಿಕೊಟ್ಟು, ತನ್ನ ಸರದಿಯಲ್ಲಿ ಬಂದ ಮಗುವಿನೊಡನೆ ಮನಬಿಚ್ಚಿ ಮಾತನಾಡುತ್ತಿದ್ದಳು. ಗುರುವಾರ ಜಾನನದು, ಶನಿವಾರ ಚಾರ್ಲ್ಸನದು. ಎಷ್ಟೋ ವರ್ಷಗಳ ತರುವಾಯ, ಆಕ್ಸ್‌ಫರ್ಡಿನ ವಿದ್ವಾಂಸನಾಗಿದ್ದ ಜಾನ್, ಆ ಗುರುವಾರದ ಸಂಜೆಯ ಸ್ವಲ್ಪ ಹೊತ್ತನ್ನು ಮತ್ತೆ ತನಗಾಗಿ ಮೀಸಲಿಡಬೇಕೆಂದು ತಾಯಿಗೆ ಪತ್ರ ಬರೆದನು.

ಸುಸನ್ನಾ 1742ರಲ್ಲಿ ಲಂಡನ್ನಿನಲ್ಲಿ ಕಾಲವಾದಳು. ಆಕೆ ಯಾವ ಪಂಥವನ್ನೂ ಸ್ಥಾಪಿಸಲಿಲ್ಲ. ಮನೆಗೆಲಸದ ನಡುವೆ ಪ್ರತಿಯೊಂದು ಮಗುವಿಗೂ ತನ್ನ ವೇಳೆಯಲ್ಲಿ ಒಂದು ಪಾಲನ್ನು ತಪ್ಪದೆ ಕೊಟ್ಟಳು. ಆ ಮಕ್ಕಳು ಬೆಳೆದು ದೊಡ್ಡವರಾದ ಮೇಲೂ ಅದನ್ನು ಮರೆಯಲಿಲ್ಲ.