ಮೊದಲ ಕೋಟಾ ಯಾರದ್ದು?

ದಕ್ಷಿಣ ಆಫ್ರಿಕಾ ಕ್ರಿಕೆಟ್‌ನಲ್ಲಿ ಕೋಟಾ ಬಂದು ಮೆರಿಟ್ ಸತ್ತೋಯ್ತು ಅನ್ನುವವರಿಗೆ ನಾನು ಕ್ರೋಮ್ ಹೆಂಡ್ರಿಕ್ಸ್ ಕತೆ ಹೇಳ್ತೀನಿ.

ಅವರು ಕೇಪ್‌ಟೌನ್‌ನ ಬಿಳಿಯರಲ್ಲದ ವೇಗದ ಬೌಲರ್. 1892ರಲ್ಲಿ ಪ್ರವಾಸ ಬಂದಿದ್ದ ಇಂಗ್ಲಿಷ್ ಆಟಗಾರರೇ ಅವರ ವೇಗಕ್ಕೆ ಬೆರಗಾದರು. 1894ರಲ್ಲಿ ದಕ್ಷಿಣ ಆಫ್ರಿಕಾ ಮೊದಲ ಸಲ ಇಂಗ್ಲೆಂಡಿಗೆ ಹೊರಟಾಗ ಅವರ ಹೆಸರೂ ಸಂಭಾವ್ಯರ ಪಟ್ಟಿಯಲ್ಲಿತ್ತು. ಬೇಕಿದ್ದರೆ ಸಾಮಾನು ನೋಡಿಕೊಳ್ಳುವ ಆಳಾಗಿ ಬರಲಿ ಅಂದರು ಕೆಲವರು, ಹೆಂಡ್ರಿಕ್ಸ್ ಒಪ್ಪಲಿಲ್ಲ. ಕೇಪ್ ವಸಾಹತಿನ ಪ್ರಧಾನಿ ಸೆಸಿಲ್ ರೋಡ್ಸ್ ಬಳಗ ಅವರನ್ನು ಕೈಬಿಡಿಸಿತು. ಒಂದೇ ಒಂದು ಟೆಸ್ಟ್ ಆಡದೆ ಅವರ ಆಟ ಮುಗೀತು.

2016ರಲ್ಲಿ ತಂಡದಲ್ಲಿ ಸರಾಸರಿ 6 ಮಂದಿ ಬಿಳಿಯರಲ್ಲದವರು, ಅವರಲ್ಲಿ ಇಬ್ಬರು ಕಪ್ಪು ಆಫ್ರಿಕನ್ನರು ಇರಬೇಕೆಂಬ ಗುರಿ ಬಂತು. ಕೋಟಾ ಆಟಗಾರ ಅನ್ನೋ ಹಣೆಪಟ್ಟಿ ಪ್ರತಿಭಾವಂತರನ್ನೂ ನೋಯಿಸುತ್ತೆ, ನಿಜ. ಆದರೆ ಹನ್ನೊಂದಕ್ಕೆ ಹನ್ನೊಂದೂ ಬಿಳಿಯರಿಗೇ ಮೀಸಲಾಗಿದ್ದಾಗ ಅದನ್ನ ಕೋಟಾ ಅಂತ ಕರೆದವರು ಎಷ್ಟು ಜನ?