ಹೆಸರಿನಲ್ಲಿ ಕರ್ನಾಟಕವನ್ನು ಹೊತ್ತ ಅಮೀರ್‌ಬಾಯಿ

ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ಮೂರು ದಶಕಗಳಿಗೆ ಮುಂಚೆಯೇ ಆ ಹೆಸರು ಮುಂಬಯಿಯ ಚಿತ್ರಪರದೆಯ ಮೇಲೆ, ಗ್ರಾಮಫೋನ್ ತಟ್ಟೆಗಳ ಮೇಲೆ, ಲಾಹೋರಿನಿಂದ ಕಲ್ಕತ್ತೆಯವರೆಗಿನ ಕೇಳುಗರ ಬಾಯಲ್ಲಿ ಓಡಾಡುತ್ತಿತ್ತು. ಅದನ್ನು ಅಲ್ಲಿಗೆ ಒಯ್ದವರು ಯಾವ ಏಕೀಕರಣದ ಮುಂದಾಳುವೂ ಅಲ್ಲ, ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯ ಒಬ್ಬ ಹೆಣ್ಣುಮಗಳು. ಅಮೀರ್‌ಬಾಯಿ ಕರ್ನಾಟಕಿ 1965ರಲ್ಲಿ ತೀರಿಕೊಂಡರು. ತಮ್ಮ ಹೆಸರಿನ ರಾಜ್ಯವನ್ನು ಅವರು ಭೂಪಟದ ಮೇಲೆ ನೋಡಲೇ ಇಲ್ಲ.

ಅಂದಿನ ಮುಂಬಯಿಯಲ್ಲಿ ಕಲಾವಿದರನ್ನು ಊರಿನ ಹೆಸರಿನಿಂದ ಗುರುತಿಸುವ ವಾಡಿಕೆಯಿತ್ತು. ಅಂಬಾಲಾದಿಂದ ಬಂದ ಜೊಹ್ರಾಬಾಯಿ ಅಂಬಾಲೆವಾಲಿಯಾದರು. ಬೀಳಗಿಯ ಹೆಸರು ಅಲ್ಲಿ ಯಾರಿಗೆ ತಾನೆ ಗೊತ್ತಿದ್ದೀತು? ಹಾಗಾಗಿ ಊರಿನ ಬದಲು ಇಡೀ ನಾಡೇ ಅಮೀರ್‌ಬಾಯಿಯವರ ಹೆಸರಿಗೆ ಅಂಟಿಕೊಂಡಿತು. ಅರ್ಥಶಾಸ್ತ್ರ ಓದಿದವನಾದ ನನಗೆ ಇದು ಮಾರುಕಟ್ಟೆಯಲ್ಲಿ ಸರಕಿಗೆ ಬೀಳುವ ಮೂಲಮುದ್ರೆಯಂತೆಯೂ ಕಾಣುತ್ತದೆ.

ಅವರು ಹುಟ್ಟಿದ್ದು 1906ರ ಸುಮಾರಿಗೆ. ಹಾಡುಗಾರಿಕೆ, ನಾಟಕ ಎರಡೂ ಮನೆಯೊಳಗೇ ಇದ್ದವು. ಸೋದರಿಯರಲ್ಲಿ ಅಮೀರ್‌ಬಾಯಿ ಮತ್ತು ಗೋಹರ್‌ಬಾಯಿ ಇಬ್ಬರೂ ಕಂಪನಿ ನಾಟಕಗಳ ಗಾಳಿಯಲ್ಲೇ ಬೆಳೆದವರು. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರಂಥ ಪುರುಷರು ಸೀರೆಯುಟ್ಟು ನಾಯಕಿಯರಾಗಿ ಮೆರೆಯುತ್ತಿದ್ದ ಕಾಲಕ್ಕೇ ನಮ್ಮ ಕಡೆಯ ಕಂಪನಿಗಳಲ್ಲಿ ಹೆಣ್ಣುಮಕ್ಕಳು ರಂಗವೇರಿದ್ದರು. ಆ ಧೈರ್ಯಕ್ಕೆ ತೆತ್ತ ಬೆಲೆಯೂ ದೊಡ್ಡದೇ. ಕುರ್ಚಿಯಲ್ಲಿ ಕೂತು ಒನ್ಸ್‌ಮೋರ್ ಕೂಗಿದ ಊರಿನ ಗಣ್ಯರು ಮರುದಿನ ಅದೇ ನಟಿಯ ಮನೆಯ ಮುಂದೆ ಹಾಯಲು ಹಿಂಜರಿಯುತ್ತಿದ್ದರು.

ಈ ಸೋದರಿಯರು ಮುಂಬಯಿಗೆ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ. ನನ್ನ ಊರು ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿ. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಹಿರಿಯರ ಪಾಲಿಗೆ ಬೆಂಗಳೂರು ಪರರಾಜ್ಯ, ಮುಂಬಯಿಯೇ ರಾಜಧಾನಿ. ವಿಜಾಪುರದಲ್ಲಿ ಮೀಟರ್‌ಗೇಜ್ ಗಾಡಿ ಹತ್ತಿ, ಸೊಲ್ಲಾಪುರದ ಕಡೆ ದೊಡ್ಡ ಗಾಡಿಗೆ ಬದಲಾಯಿಸಿದರೆ ಮುಗಿಯಿತು. ಬರಗಾಲದಲ್ಲಿ ಕೂಲಿಗೆ ಹೋದವರೂ ಓದಲು ಹೋದವರೂ ಹಿಡಿದ ದಾರಿ ಅದೇ. ಅಮೀರ್‌ಬಾಯಿ ಹರೆಯದಲ್ಲೇ ಆ ದಾರಿ ಹಿಡಿದರು.

1934ರ ವಿಷ್ಣುಭಕ್ತಿ ಚಿತ್ರದಲ್ಲಿ ಮೊದಲ ಪಾತ್ರ ದೊರಕಿತು. ನಂತರದ ಕೆಲವು ವರ್ಷಗಳಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ವಿಜಯ್ ಭಟ್ಟರ 1940ರ ನರಸಿ ಭಗತ್ ಚಿತ್ರದಲ್ಲಿ ನಟಿಸಿದರು. ಅವರು ಹಾಡಿದ ವೈಷ್ಣವ ಜನತೋ ಭಜನೆಯನ್ನು ಗಾಂಧೀಜಿ ಬಹಳ ಮೆಚ್ಚಿದ್ದರೆಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ.

1943ರಲ್ಲಿ ಬಾಂಬೆ ಟಾಕೀಸ್‌ನ ಕಿಸ್ಮತ್ ಬಂತು. ಜ್ಞಾನ್ ಮುಖರ್ಜಿಯವರ ನಿರ್ದೇಶನ, ಪ್ರದೀಪರ ಗೀತೆಗಳು, ಅನಿಲ್ ಬಿಸ್ವಾಸರ ಸಂಗೀತ. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರ ಒಂದರಲ್ಲೇ ಈ ಚಿತ್ರ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಕಥೆಯ ನಾಯಕಿ ರಾಣಿ ಕಾಲು ಊನವಾದ ರಂಗಗಾಯಕಿ. ಒಂದು ಕಾಲಕ್ಕೆ ತನ್ನ ತಂದೆಯದೇ ಆಗಿದ್ದ ಥಿಯೇಟರಿನಲ್ಲಿ ಸಂಬಳಕ್ಕೆ ಹಾಡುತ್ತಾಳೆ. ಪರದೆಯ ಮೇಲಿನ ಮುಖ ಮುಮ್ತಾಜ್ ಶಾಂತಿಯವರದು, ದನಿ ಅಮೀರ್‌ಬಾಯಿಯವರದು. ಕಂಪನಿ ನಾಟಕದ ಬದುಕನ್ನು ಉಂಡು ಬಂದ ಹೆಣ್ಣಿನ ದನಿ ಆ ಪಾತ್ರಕ್ಕೆ ಸಿಕ್ಕದ್ದು ಸಂಗೀತ ನಿರ್ದೇಶಕರ ಆಯ್ಕೆಯೋ ಆಕಸ್ಮಿಕವೋ, ಅಂತೂ ಹೊಂದಿಕೊಂಡಿತು.

ಆ ಚಿತ್ರದ ಮೂರು ಹಾಡುಗಳನ್ನು ಈಗಲೂ ಒಂದಾದ ಮೇಲೊಂದರಂತೆ ಕೇಳಬೇಕು. ಮಲಗಿರುವ ಬುಲ್‌ಬುಲ್ ಎಚ್ಚರವಾಗದಂತೆ ಮೆಲ್ಲಗೆ ಬಾ ಎಂದು ಮೋಡವನ್ನು ಬೇಡುವ ಹಾಡಿನಲ್ಲಿ ದನಿ ಉಸಿರಿನಷ್ಟೇ ಹಗುರ. ಕೃಷ್ಣನಲ್ಲಿ ಮೊರೆಯಿಡುವ ಹಾಡಿನಲ್ಲಿ ಮುಸ್ಲಿಂ ಹೆಣ್ಣುಮಗಳೊಬ್ಬಳ ಕೊರಳು ಮೀರಾಳ ಕೊರಳಾಗುತ್ತದೆ. ಅದನ್ನು ಕೇಳಿದ ಆ ಕಾಲದ ಯಾರಿಗೂ ಇದರಲ್ಲಿ ವಿಶೇಷವಿದೆ ಎನ್ನಿಸಿದಂತಿಲ್ಲ. ಮೂರನೆಯದು, ಖಾನ್ ಮಸ್ತಾನಾ ಜೊತೆ ಹಾಡಿದ, ಹಿಂದೂಸ್ತಾನದಿಂದ ಪರಕೀಯರು ತೊಲಗಬೇಕೆನ್ನುವ ಗೀತೆ. ಕ್ವಿಟ್ ಇಂಡಿಯಾ ಚಳವಳಿ ಆರಂಭವಾಗಿ ವರ್ಷವೂ ಕಳೆದಿರದ ದಿನಗಳವು. ಹಾಡಿನಲ್ಲಿ ಜರ್ಮನ್ನರ, ಜಪಾನಿಯರ ಹೆಸರಿದ್ದುದರಿಂದ ಸೆನ್ಸಾರಿನವರು ಅದನ್ನು ಯುದ್ಧಪ್ರಚಾರವೆಂದು ಬಿಟ್ಟರು. ಜನರಿಗೆ ಮಾತ್ರ ಯಾರನ್ನು ಹೊರಹೋಗಲು ಹೇಳುತ್ತಿದ್ದಾರೆ ಎಂಬುದರಲ್ಲಿ ಸಂಶಯವಿರಲಿಲ್ಲ. ಕಡತದಲ್ಲಿ ಏನಿದೆಯೋ ಅಷ್ಟನ್ನೇ ಓದುವ ಅಧಿಕಾರಶಾಹಿಯ ಈ ಗುಣ ನನಗೆ ಚಿರಪರಿಚಿತ. ಒಮ್ಮೊಮ್ಮೆ ಅದರಿಂದ ಒಳ್ಳೆಯದೂ ಆಗುತ್ತದೆ.

ಮರುವರ್ಷ ರತನ್ ಚಿತ್ರದಲ್ಲಿ ನೌಷಾದರ ಸಂಗೀತಕ್ಕೆ ಹಾಡಿದ ಅಗಲಿಕೆಯ ಗೀತೆ ಇನ್ನಷ್ಟು ಹೆಸರು ತಂದಿತು. ಬೇರೆಯವರು ಹಾಡಿಗೆ 500 ರೂಪಾಯಿ ಪಡೆಯುತ್ತಿದ್ದಾಗ ಇವರಿಗೆ 1,000 ಸಿಗುತ್ತಿತ್ತೆಂದು ಬರೆದವರುಂಟು. ಆಗಿನ ದಿನಮಾನದಲ್ಲಿ ಅದು ಸಾಮಾನ್ಯ ಗುಮಾಸ್ತನೊಬ್ಬ ಎಷ್ಟೋ ತಿಂಗಳು ದುಡಿದರೂ ಕಾಣದ ಮೊತ್ತ.

ಹಣವಿದ್ದಲ್ಲಿ ಅದರ ಮೇಲೆ ಕಣ್ಣಿಟ್ಟವರೂ ಇರುತ್ತಾರೆ. ಖಳನ ಪಾತ್ರಗಳಿಗೆ ಹೆಸರಾದ ನಟ ಹಿಮಾಲಯವಾಲಾ ಅವರೊಂದಿಗಿನ ವಿವಾಹ ಅಮೀರ್‌ಬಾಯಿಯವರ ಪಾಲಿಗೆ ಹಿಂಸೆಯಾಯಿತು. ಕಡೆಗೆ ಬಿಡುಗಡೆ ಪಡೆದು ಹೊರಬಂದರು. ದೇಶ ವಿಭಜನೆಯ ನಂತರ ಹಿಮಾಲಯವಾಲಾ ಪಾಕಿಸ್ತಾನ ಸೇರಿದರು. ಮುಸ್ಲಿಂ ಹೆಂಗಸರಿಗೆ ನ್ಯಾಯಾಲಯದ ಮೂಲಕ ವಿಚ್ಛೇದನ ಕೇಳುವ ಹಕ್ಕನ್ನು ಸ್ಪಷ್ಟಪಡಿಸಿದ ಕಾಯ್ದೆ 1939ರಲ್ಲೇ ಬಂದಿತ್ತು ನಿಜ. ಆದರೆ ಕಾಯ್ದೆ ಪುಸ್ತಕದಲ್ಲಿದ್ದ ಮಾತ್ರಕ್ಕೆ ಹೆಣ್ಣೊಬ್ಬಳು ಗಂಡನ ಮನೆಯ ಹೊಸ್ತಿಲು ದಾಟಿ ಬರಲಾಗುವುದಿಲ್ಲ. ಅದಕ್ಕೆ ಸ್ವಂತ ಸಂಪಾದನೆ ಬೇಕು. ಅವರಿಗೆ ಅದಿತ್ತು. ಅಷ್ಟೇ ಖ್ಯಾತಿಯಿದ್ದು ಕೈಯಲ್ಲಿ ಕಾಸಿಲ್ಲದೆ ಸವೆದುಹೋದ ನಟಿಯರ ಲೆಕ್ಕ ಇಟ್ಟವರಾರು? ಮುಂದೆ ಪಾರಸ್ ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು. ಆ ದಾಂಪತ್ಯ ನೆಮ್ಮದಿಯದಾಗಿತ್ತು.

ವೃತ್ತಿಯಲ್ಲಿ ಬೇರೆಯೇ ಗಾಳಿ ಬೀಸತೊಡಗಿತ್ತು. 1948ರಲ್ಲಿ ಶಹನಾಜ್ ಚಿತ್ರಕ್ಕೆ ಅವರು ಸ್ವತಃ ಸಂಗೀತ ನೀಡಿದರು. ಹೆಣ್ಣೊಬ್ಬಳು ಸಂಗೀತ ನಿರ್ದೇಶಕಿಯಾಗುವುದು ಅಂದಿಗೆ ಅಪರೂಪ, ಇಂದಿಗೂ ಅಂಥ ಸಾಮಾನ್ಯವೇನಲ್ಲ. ಮರುವರ್ಷವೇ ಮಹಲ್, ಬರಸಾತ್, ಅಂದಾಜ್ ಚಿತ್ರಗಳು ಲತಾ ಮಂಗೇಶ್ಕರರ ತೆಳುವಾದ, ಎತ್ತರದ ದನಿಯನ್ನು ಮನೆಮನೆಗೆ ಮುಟ್ಟಿಸಿದವು. ಇದನ್ನು ಪ್ರತಿಭೆಯ ಸೋಲು ಗೆಲುವು ಎಂದು ನೋಡುವುದು ಸರಿಯಲ್ಲವೆಂದು ನನ್ನ ಎಣಿಕೆ. ಧ್ವನಿವರ್ಧಕವಿಲ್ಲದ ರಂಗಮಂದಿರದ ಕಟ್ಟಕಡೆಯ ಸಾಲಿಗೂ ಮುಟ್ಟಬೇಕಾಗಿದ್ದ ತುಂಬುಗಂಟಲು, ಮೈಕಿನ ಮುಂದೆ ಪಿಸುಗುಟ್ಟಿದರೂ ಸಾಕಾದ ಕಾಲಕ್ಕೆ ಭಾರವೆನಿಸಿತು. ಅಮೀರ್‌ಬಾಯಿ, ಜೊಹ್ರಾಬಾಯಿ, ರಾಜಕುಮಾರಿ ಎಲ್ಲರೂ ಕೆಲವೇ ವರ್ಷಗಳಲ್ಲಿ ಹಿಂದೆ ಸರಿದರು. ಆದರೆ ಅಮೀರ್‌ಬಾಯಿಯವರ ಬಳಿ ಇನ್ನೊಂದು ವಿದ್ಯೆಯಿತ್ತು. ಅವರು ಮತ್ತೆ ಅಭಿನಯಕ್ಕೆ ಹೊರಳಿ, ಪೋಷಕ ಪಾತ್ರಗಳಲ್ಲಿ ದುಡಿದರು.

ಗೋಹರ್‌ಬಾಯಿಯವರ ಕಥೆ ಇದಕ್ಕಿಂತ ಕಠಿಣ. ಬಾಲಗಂಧರ್ವರ ಗಾಯನಕ್ಕೆ ಮಾರುಹೋಗಿ 1930ರ ದಶಕದ ಕೊನೆಗೆ ಅವರ ಕಂಪನಿ ಸೇರಿದರು. 1951ರಲ್ಲಿ ಅವರನ್ನೇ ಮದುವೆಯಾದರು. ನಾರಾಯಣರಾವ್ ರಾಜಹಂಸರಂಥ ಆರಾಧ್ಯ ಪುರುಷ ಮುಸ್ಲಿಂ ನಟಿಯ ಕೈಹಿಡಿದದ್ದನ್ನು ಮರಾಠಿ ಭದ್ರಲೋಕ ಕ್ಷಮಿಸಲಿಲ್ಲ. ಕಂಪನಿಯ ಸಾಲಕ್ಕೂ ಕುಸಿತಕ್ಕೂ ಗೋಹರ್ ಅವರನ್ನೇ ಹೊಣೆಯಾಗಿಸಿತು. ಅದ್ದೂರಿ ಖರ್ಚಿನಿಂದ ಆ ಕಂಪನಿ ಅವರು ಬರುವ ಎಷ್ಟೋ ಮೊದಲೇ ಸಾಲದಲ್ಲಿ ಮುಳುಗಿತ್ತೆಂಬುದು ಲೆಕ್ಕ ಬಲ್ಲವರಿಗೆ ಕಾಣುವ ಸತ್ಯ. ಕಾಲುಗಳ ಶಕ್ತಿ ಉಡುಗಿದ ಗಂಡನನ್ನು ನೋಡಿಕೊಳ್ಳುತ್ತಲೇ ಗೋಹರ್ 1964ರಲ್ಲಿ ಕಣ್ಮುಚ್ಚಿದರು.

ವಿಜಾಪುರದಲ್ಲಿ ಅಮೀರ್ ಟಾಕೀಸ್ ಎಂಬ ಚಿತ್ರಮಂದಿರವಿತ್ತು, ಈ ಕುಟುಂಬದ್ದೇ. ಸಿದ್ಧೇಶ್ವರ ಜಾತ್ರೆಗೆಂದು ಹೋದ ನಮ್ಮ ಊರಿನವರು ಅಲ್ಲಿ ಸಿನಿಮಾ ನೋಡಿ ಬರುತ್ತಿದ್ದರು. ಅಮೀರ್ ಎಂದರೆ ಸಿರಿವಂತ ಎಂಬ ಅರ್ಥ ಎಲ್ಲರಿಗೂ ತಿಳಿದಿತ್ತು. ಅದು ಒಬ್ಬ ಹೆಣ್ಣುಮಗಳ ಹೆಸರೆಂದು ತಿಳಿದವರು ಕಡಿಮೆ. ರಹಮತ್ ತರೀಕೆರೆಯವರು ಊರೂರು ಅಲೆದು ಅಮೀರ್‌ಬಾಯಿಯವರ ಜೀವನಚರಿತ್ರೆ ಬರೆದ ಮೇಲೆ ಕನ್ನಡದ ಓದುಗರಿಗೆ ಈ ಕಥೆ ಸಿಕ್ಕಿತು.

ಸೋದರಿ ಹೋದ ಮರುವರ್ಷ ಅಮೀರ್‌ಬಾಯಿಯವರಿಗೆ ಪಾರ್ಶ್ವವಾಯು ಬಡಿಯಿತು. ನಾಲ್ಕೇ ದಿನ ಹಾಸಿಗೆಯಲ್ಲಿದ್ದು 1965ರ ಮಾರ್ಚ್ 3ರಂದು ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದು ವಿಜಾಪುರದಲ್ಲಿ. ಅದು ಆಗ ಮುಂಬಯಿ ಪ್ರಾಂತದಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿ ಒಂಬತ್ತು ವರ್ಷವೂ ತುಂಬಿರಲಿಲ್ಲ.