ಗೆಳೆಯನ ಅಸ್ಥಿ ಹೊತ್ತು ಬೆಟ್ಟ ಏರಿದವನು

ಎರಡನೇ ಬಾರಿಗೂ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಫೇಲಾದ ವಿಷಯವನ್ನು ಅಮ್ಮನಿಗೆ ಹೇಳಿರಲಿಲ್ಲ. ಆಕೆ ಕಟ್ಟಿಕೊಟ್ಟ ಡಬ್ಬಿ ಹಿಡಿದು ದಿನವೂ ಗ್ರಂಥಾಲಯಕ್ಕೆ ಹೋಗಿ ಕೂರುತ್ತಿದ್ದೆ. ಹಾಗೆ ಚೀನಾದ ಇತಿಹಾಸ ತಿರುವುತ್ತಿದ್ದಾಗ ಸಿಕ್ಕವನು ಷೂ ಷಿಯಾಕೆ. ಆತನೂ ಪರೀಕ್ಷೆಯಲ್ಲಿ ಸೋತವನು ಎಂದು ತಿಳಿದು ಮುಂದೆ ಓದಿದೆ.

ಆತ ಹುಟ್ಟಿದ್ದು 1587ರಲ್ಲಿ, ಜಿಯಾಂಗ್‌ಯಿನ್‌ನಲ್ಲಿ. ಅಲ್ಲಿ ಆಗ ಸರ್ಕಾರಿ ಪರೀಕ್ಷೆ ಪಾಸಾದವರಿಗೇ ಮರ್ಯಾದೆ. ಹದಿಹರೆಯದಲ್ಲಿ ಪರೀಕ್ಷೆ ಬರೆದು ಫೇಲಾದ ಆತನಿಗೆ ಊರೂರು ಸುತ್ತುವ ಆಸೆ. ತಂದೆ ತೀರಿಕೊಂಡಿದ್ದರು, ತಾಯಿಯನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಆ ತಾಯಿಯೇ ಪ್ರಯಾಣಕ್ಕೊಂದು ಟೋಪಿ ಹೊಲಿದುಕೊಟ್ಟು ಕಳಿಸಿದಳು. ಮುಂದೆ ಮೂವತ್ತು ವರ್ಷ ಆತ ಬೆಟ್ಟ, ನದಿ, ಗುಹೆಗಳನ್ನು ಸುತ್ತಿ ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟ.

1636ರಲ್ಲಿ ಕೊನೆಯ ದೊಡ್ಡ ಪ್ರಯಾಣ ಹೊರಟಾಗ ಜಿಂಗ್‌ವೆನ್ ಎಂಬ ಬೌದ್ಧ ಭಿಕ್ಷು ಜೊತೆಗೂಡಿದ. ತನ್ನ ರಕ್ತದಿಂದಲೇ ಬರೆದ ಸದ್ಧರ್ಮಪುಂಡರೀಕ ಸೂತ್ರದ ಪ್ರತಿಯನ್ನು ಯುನ್ನಾನ್ ಪ್ರಾಂತ್ಯದ ಜಿಜು ಬೆಟ್ಟಕ್ಕೆ ಅರ್ಪಿಸುವುದು ಅವನ ಹರಕೆ. ಬುದ್ಧನ ಶಿಷ್ಯ ಮಹಾಕಾಶ್ಯಪ ಅಲ್ಲಿ ಮೈತ್ರೇಯನಿಗಾಗಿ ಕಾಯುತ್ತಿದ್ದಾನೆಂಬ ನಂಬಿಕೆಯಿದೆ. ಬೆಟ್ಟದ ಎತ್ತರ 3,200 ಮೀಟರ್‌ಗೂ ಹೆಚ್ಚು.

ಮರುವರ್ಷ ಶಿಯಾಂಗ್ ನದಿಯಲ್ಲಿ ದರೋಡೆಕೋರರು ದೋಣಿಗೆ ನುಗ್ಗಿದರು. ಗಾಯಗೊಂಡ ಜಿಂಗ್‌ವೆನ್ ಮುಂದೆ ನಾನಿಂಗ್‌ನಲ್ಲಿ ತೀರಿಕೊಂಡ. ಕೈಯಲ್ಲಿ ಕಾಸಿಲ್ಲ, ದಾರಿ ಇನ್ನೂ ದೂರ. ಷೂ ವಾಪಸಾಗಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಆತ ಗೆಳೆಯನ ಅಸ್ಥಿ ಮತ್ತು ಆ ಸೂತ್ರ ಹೊತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ. ಜಿಜು ಬೆಟ್ಟ ತಲುಪಿ ಸೂತ್ರ ಒಪ್ಪಿಸಿದ, ಅಸ್ಥಿಯನ್ನು ಅಲ್ಲೇ ಸಮಾಧಿ ಮಾಡಿಸಿದ. ನಂತರ ಆ ಬೆಟ್ಟದ ಚರಿತ್ರೆಯನ್ನೂ ಬರೆಯಲು ಕುಳಿತ.

ಅಷ್ಟರಲ್ಲಿ ಕಾಲುಗಳು ಸೋತಿದ್ದವು. ಲಿಜಿಯಾಂಗ್‌ನ ನಾಯಕ ಆತನನ್ನು ಹೊತ್ತೊಯ್ಯಲು ಆಳುಗಳನ್ನು ಕೊಟ್ಟು ಊರಿಗೆ ಕಳಿಸಿದ. 1641ರಲ್ಲಿ ಷೂ ತೀರಿಕೊಂಡ. ಆರು ಲಕ್ಷಕ್ಕೂ ಹೆಚ್ಚು ಅಕ್ಷರಗಳ ದಿನಚರಿ ಉಳಿಯಿತು. ಯಾಂಗ್ಟ್ಸಿ ನದಿಯ ಮೇಲಿನ ಹರಿವು ಜಿನ್ಶಾ ನದಿಯೇ ಎಂದು ವಾದಿಸಿದವನೂ ಆತನೇ. ದಿನಚರಿ ಆರಂಭವಾಗುವ ಮೇ 19ನ್ನು 2011ರಿಂದ ಚೀನಾ ಪ್ರವಾಸೋದ್ಯಮ ದಿನವಾಗಿ ಆಚರಿಸುತ್ತಿದೆ. ಆ ವರ್ಷ ಪರೀಕ್ಷೆ ಪಾಸಾದವರ ಹೆಸರು ಈಗ ಯಾರಿಗೆ ನೆನಪಿದೆ?

ಇಷ್ಟು ಓದಿದರೂ ನನ್ನ ಫಲಿತಾಂಶವೇನೂ ಬದಲಾಗಲಿಲ್ಲ. ಆದರೆ ಆ ಟೋಪಿಯ ವಿಷಯ ಮನಸ್ಸಿನಿಂದ ಹೋಗಲಿಲ್ಲ. ಅಂದು ಸಂಜೆ ಅಮ್ಮನಿಗೆ ನಿಜ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮರುದಿನ ಬೆಳಿಗ್ಗೆ ಎಂದಿನಂತೆ ಡಬ್ಬಿ ಕಟ್ಟಿಟ್ಟಿದ್ದಳು.